ಪಿಂಗ್ ಮುಟ್ಟುತ್ತದೆ, ಫೋಲ್ಡರ್ ತೆರೆಯುವುದಿಲ್ಲ

ಪ್ರಶ್ನೆ: ಶಿರಸಿಯಲ್ಲಿ ನಮ್ಮದು ಅಡಿಕೆ ದಲಾಲಿ ಅಂಗಡಿ. ಹಳೆಯ ಲೆಕ್ಕವೆಲ್ಲ ವಿಂಡೋಸ್ ಎಕ್ಸ್‌ಪಿ ಇರುವ ಕಂಪ್ಯೂಟರಿನಲ್ಲಿದೆ. ಮಗ ಉಬುಂಟು ಎಂಬ ಲಿನಕ್ಸ್ ಹಾಕಿದ ಲ್ಯಾಪ್‌ಟಾಪ್ ತಂದಿದ್ದಾನೆ. ಅದರಿಂದ ಹಳೆಯ ಕಂಪ್ಯೂಟರಿಗೆ ಪಿಂಗ್ ಮಾಡಿದರೆ, ಅಂದರೆ ಅದು ಜಾಲದಲ್ಲಿ ಸಿಗುತ್ತದೆಯೇ ಎಂದು ನೋಡಿದರೆ, ಉತ್ತರ ಬರುತ್ತದೆ. ಲೆಕ್ಕದ ಫೋಲ್ಡರ್ ತೆರೆಯಲು ಹೋದರೆ ‘ಪ್ರೋಟೋಕಾಲ್ ನೆಗೋಷಿಯೇಷನ್ ಫೇಲ್ಡ್’ ಎನ್ನುತ್ತದೆ. ಎಲ್ಲ ಕಂಪ್ಯೂಟರುಗಳಲ್ಲೂ ಎಸ್‌ಎಂಬಿ1 ಚಾಲೂ ಮಾಡಿ ಎನ್ನುತ್ತಾರೆ ರಿಪೇರಿಯವರು. ಮಾಡಬಹುದೇ?

ಉತ್ತರ: ದಯವಿಟ್ಟು ಎಲ್ಲದರಲ್ಲೂ ಮಾಡಬೇಡಿ.

ಪಿಂಗ್‌ಗೆ ಉತ್ತರ ಬಂದಿದೆಯೆಂದರೆ ಕೇಬಲ್, ಐಪಿ ವಿಳಾಸ ಸರಿಯಿವೆ. ತಕರಾರು ಅದರ ಮೇಲೆ ನಡೆಯುವ ಕಡತ ಹಂಚಿಕೆಯದು, ಅಂದರೆ ಅದಕ್ಕೆಂದು ಯಂತ್ರಗಳು ಆಡುವ ಎಸ್‌ಎಂಬಿ ಎಂಬ ಭಾಷೆಯದು. ಇಲ್ಲಿ ಕೇಳುವ ಯಂತ್ರ ತನಗೆ ಗೊತ್ತಿರುವ ಎಸ್‌ಎಂಬಿ ಆವೃತ್ತಿಗಳ ಪಟ್ಟಿಯನ್ನು ಮೊದಲು ಕಳಿಸುತ್ತದೆ, ಕೊಡುವ ಯಂತ್ರ ಅದರಲ್ಲೊಂದನ್ನು ಆರಿಸುತ್ತದೆ. ಈ ಆವೃತ್ತಿಗಳಿಗೆ ತಾಂತ್ರಿಕ ದಾಖಲೆಗಳಲ್ಲಿರುವ ಹೆಸರೇ ‘ಡೈಲೆಕ್ಟ್’, ಉಪಭಾಷೆ. ಕುಮಟೆಯ ಪೇಟೆಯಲ್ಲಿ ಕೊಂಕಣಿಯಲ್ಲಿ ಶುರುವಾದ ಮಾತು ಎದುರಿನವರಿಗೆ ಬಾರದಿದ್ದರೆ ಕನ್ನಡಕ್ಕೆ ಹೊರಳುತ್ತದಲ್ಲ, ಹಾಗೆ. ಎಕ್ಸ್‌ಪಿಗೆ ಬರುವುದು ಎಸ್‌ಎಂಬಿ1 ಒಂದೇ. ಎಸ್‌ಎಂಬಿ2 ಬಂದದ್ದು ಅದರ ನಂತರದ ವಿಂಡೋಸ್ ವಿಸ್ತಾದ ಜೊತೆಗೆ. ಲಿನಕ್ಸ್ ಕಡೆಯಲ್ಲಿ ಎಸ್‌ಎಂಬಿ ಮಾತಾಡುವ ಸಾಂಬಾ ತಂತ್ರಾಂಶವು 2019ರ 4.11ನೇ ಆವೃತ್ತಿಯಿಂದ ಎಸ್‌ಎಂಬಿ1 ಅನ್ನು ನಾವು ಹೇಳದೆ ಬಳಸುವುದಿಲ್ಲ.

ಎಸ್‌ಎಂಬಿ1 ಅನ್ನು ಬಿಟ್ಟದ್ದಕ್ಕೆ ಕಾರಣವಿದೆ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ಕುತಂತ್ರಾಂಶ ವಿಂಡೋಸಿನ ಎಸ್‌ಎಂಬಿ1 ದೋಷವನ್ನೇ ಹಿಡಿದು ಯಂತ್ರದಿಂದ ಯಂತ್ರಕ್ಕೆ ನುಗ್ಗಿತು, ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ವರ್ಷಗಟ್ಟಲೆಯ ರೈತರ ಖಾತೆಗಳು ನಿಮ್ಮಲ್ಲಿವೆ. ನನ್ನ ಚಿಂತೆ ಅದರದ್ದೇ.

ಈ ಹಳೆಯ ಮಾತನ್ನು, ಅಂದರೆ ಎಸ್‌ಎಂಬಿ1 ಅನ್ನು, ಒಂದೇ ಸಂಪರ್ಕಕ್ಕೆ ಸೀಮಿತ ಮಾಡಿ. ಉಬುಂಟುವಿನಲ್ಲಿ ‘ಸಿಐಎಫ್‌ಎಸ್ ಯುಟಿಲ್ಸ್’ ಹಾಕಿಕೊಂಡು ಎಕ್ಸ್‌ಪಿಯ ಫೋಲ್ಡರನ್ನು ಮೌಂಟ್ ಮಾಡುವಾಗ, ಅಂದರೆ ಲ್ಯಾಪ್‌ಟಾಪಿಗೆ ಜೋಡಿಸಿಕೊಳ್ಳುವಾಗ, ‘ವರ್ಸ್=1.0’ (vers=1.0) ಎಂಬ ಆಯ್ಕೆ ಕೊಡಿ. ಅದು ಆ ಮೌಂಟಿಗೆ ಮಾತ್ರ ಅನ್ವಯ, ಉಳಿದ ಕಂಪ್ಯೂಟರುಗಳನ್ನು ಮುಟ್ಟುವುದೇ ಬೇಡ. ಜೊತೆಗೆ ‘ಆರ್‌ಓ’ (ro) ಸೇರಿಸಿದರೆ ಓದಲಷ್ಟೇ ಸಾಧ್ಯ. ಲ್ಯಾಪ್‌ಟಾಪಿನಿಂದ ಕೈತಪ್ಪಿ ಲೆಕ್ಕ ಅಳಿಸಿಹೋಗುವ ಭಯವಿಲ್ಲ.

ಎಕ್ಸ್‌ಪಿಗೆ ಬೆಂಬಲ 2014ರಲ್ಲೇ ನಿಂತಿದ್ದರೂ ವನ್ನಾಕ್ರೈ ಬಂದಾಗ ಮೈಕ್ರೋಸಾಫ್ಟ್ ಅದಕ್ಕೂ ಪ್ಯಾಚ್, ಅಂದರೆ ದೋಷ ಮುಚ್ಚುವ ತೇಪೆ, ಕೊಟ್ಟಿತ್ತು. ಅದು ಇಲ್ಲದಿದ್ದರೆ ಮೊದಲು ಹಾಕಿಸಿ. ನಂತರ ಆ ಯಂತ್ರಕ್ಕೆ ಸ್ಥಿರ ಐಪಿ ವಿಳಾಸ ಕೊಟ್ಟು, ಹೊರಗಿನ ಜಾಲಕ್ಕೆ ದಾರಿ ತೋರುವ ‘ಡೀಫಾಲ್ಟ್ ಗೇಟ್‌ವೇ’ ಜಾಗವನ್ನು ಖಾಲಿ ಬಿಡಿ. ಅಂಗಡಿಯೊಳಗಿನ ಯಂತ್ರಗಳಿಗೆ ಅದು ಸಿಗುತ್ತದೆ, ಇಂಟರ್ನೆಟ್ಟಿಗೆ ಸಿಗುವುದಿಲ್ಲ. ಒಳಗಿನಿಂದಲೂ ಸೋಂಕು ಬರಬಹುದಾದ್ದರಿಂದ, ಎಕ್ಸ್‌ಪಿಯ ಫೈರ್‌ವಾಲ್‌ನಲ್ಲಿ ಕಡತ ಹಂಚಿಕೆಗೆ ಮಗನ ಲ್ಯಾಪ್‌ಟಾಪಿನ ವಿಳಾಸ ಒಂದಕ್ಕೇ ಅನುಮತಿ ಕೊಡಿ.

ಸಂಜೆ ವ್ಯಾಪಾರ ಮುಗಿದ ಮೇಲೆ ಫೋಲ್ಡರಿನ ನಕಲು ಮಗನ ಲ್ಯಾಪ್‌ಟಾಪಿಗೆ ಇಳಿಯಲಿ. ಲೆಕ್ಕದ ತಂತ್ರಾಂಶವನ್ನು ಮುಚ್ಚಿಯೇ ನಕಲು ತೆಗೆಯಿರಿ. ತೆರೆದಿರುವಾಗ ತೆಗೆದರೆ ಅರ್ಧ ಬರೆದ ಕಡತ ಸಿಕ್ಕಿಬಿಡಬಹುದು.