ಫಿಫ್ತ್-ವೀಲ್ ಕ್ಯಾಂಪರ್ ಹಿಂದೆ ಬೋಟ್ ಟ್ರೈಲರ್ ಎಳೆಯಬಹುದೇ?

32 ಅಡಿ ಫಿಫ್ತ್-ವೀಲ್ (ಮುಂಭಾಗವನ್ನು ಪಿಕಪ್ ಟ್ರಕ್‌ನ ಹಿಂಭಾಗದ ಮೇಲೆ ಕೂರಿಸಿ ಎಳೆಯುವ ಮನೆಯಂಥ ಟ್ರೈಲರ್) ಹಿಂದೆ 18 ಅಡಿ ಬೋಟ್ ಟ್ರೈಲರ್ ಕಟ್ಟಿಕೊಂಡು ಅಮೆರಿಕದ ಮಿಷಿಗನ್‌ನಲ್ಲಿ ಸುತ್ತಬಹುದೇ ಎಂದು ಕೇಳಿದ್ದೀರಿ. ಅಲ್ಲಿ ಅವಕಾಶವಿದೆ, ಆದರೆ ಲೈಸೆನ್ಸ್ ಮೇಲೆ 'ಆರ್' ಎಂಡಾರ್ಸ್‌ಮೆಂಟ್ (ಹೀಗೆ ಎರಡು ಟ್ರೈಲರ್ ಎಳೆಯಲು ಹೆಚ್ಚುವರಿ ಅನುಮತಿ) ಬೇಕು. ರಾಜ್ಯ ದಾಟಿದರೆ ನಿಯಮವೇ ಬೇರೆ. ಕೆಲವು ರಾಜ್ಯಗಳು ಇದನ್ನು ಬಿಡುವುದೇ ಇಲ್ಲ. ಒಟ್ಟು ಉದ್ದವನ್ನು ಟೇಪ್ ಹಿಡಿದೇ ಅಳೆಯಿರಿ: ಟ್ರಕ್ 22 ಅಡಿಯಿದ್ದರೆ, ಅದರ ಬೆಡ್ (ಹಿಂಭಾಗದ ತೊಟ್ಟಿ) ಮೇಲೆ ಕ್ಯಾಂಪರ್ ಬರುವ ಸುಮಾರು 5 ಅಡಿ ಕಳೆದರೂ 67 ಅಡಿ. ಎಷ್ಟೋ ಕಡೆ ಮಿತಿ 65.

ನಿಜವಾದ ತೊಂದರೆ ಹಿಚ್‌ನದು, ಅಂದರೆ ಬೋಟ್ ಟ್ರೈಲರ್ ಕಟ್ಟುವ ಕೊಂಡಿಯದು. ಕ್ಯಾಂಪರ್‌ನ 4 ಇಂಚಿನ ಚೌಕ ಬಂಪರ್ ಸ್ಟೆಪ್ನಿ ಹೊರಲು ಸರಿ, ಟ್ರೈಲರ್ ಎಳೆಯಲು ಅಲ್ಲ. ವೆಲ್ಡಿಂಗ್ ಹರಿದು ಹೋಗುತ್ತದೆ. ರಿಸೀವರ್ ಅನ್ನು (ಹಿಚ್ ತೂರಿಸುವ ಚೌಕ ಕೊಳವೆ) ಚಾಸಿಸ್ ಬೀಮ್‌ಗೇ ಕೂರಿಸಬೇಕು, ಅದೂ ಕ್ಯಾಂಪರ್ ಕಂಪನಿ ಒಪ್ಪಿದರೆ ಮಾತ್ರ.

ಇನ್ನು ತೂಕ. ಕ್ಯಾಂಪರ್ ಆಕ್ಸಲ್‌ನಿಂದ 10 ಅಡಿ ಹಿಂದೆ ಬೋಟ್ ಟ್ರೈಲರ್‌ನ 300 ಪೌಂಡ್ ಕೂತರೆ, 20 ಅಡಿ ಮುಂದೆ ಟ್ರಕ್‌ಗೆ ಸೇರುವ ಪಿನ್ ಮೇಲೆ 150 ಪೌಂಡ್ ಕಡಿಮೆಯಾಗಿ ಆಕ್ಸಲ್‌ಗಳ ಮೇಲೆ 450 ಏರುತ್ತದೆ. ಪಿನ್ ಹಗುರವಾದಷ್ಟೂ ಬಾಲ ಅಲ್ಲಾಡುತ್ತದೆ, ಟೈರ್‌ಗೂ ಹೊರೆ. ಲೋಡ್ ಮಾಡಿ ವೇಬ್ರಿಡ್ಜ್‌ನಲ್ಲಿ ತೂಗಿಸಿ.

ಬೋಟ್ ಟ್ರೈಲರ್‌ಗೆ ಸರ್ಜ್ ಬ್ರೇಕ್ (ಮುಂದಿನ ವಾಹನ ನಿಧಾನವಾದಾಗ ಟ್ರೈಲರ್‌ನ ಒತ್ತಡದಿಂದಲೇ ಹಿಡಿಯುವ ಬ್ರೇಕ್) ಇದ್ದರೆ ವೈರಿಂಗ್ ಸುಲಭ. ಟ್ರೈಲರ್ ಕಳಚಿಕೊಂಡರೆ ಬ್ರೇಕ್ ಹಾಕುವ ಬ್ರೇಕ್‌ಅವೇ ಕೇಬಲ್ ಅನ್ನು ಕ್ಯಾಂಪರ್ ಚಾಸಿಸ್‌ಗೆ ಕಟ್ಟಿ, ಸೇಫ್ಟಿ ಚೈನ್‌ಗೆ ಅಲ್ಲ. ರಿವರ್ಸ್ ಆಸೆ ಬಿಡಿ: ಬೋಟನ್ನು ಕಳಚದೆ ಹಿಂದೆ ಹೋಗಲಾಗದು, ಪೆಟ್ರೋಲ್ ಬಂಕಿಗೂ ನೋಡಿಕೊಂಡೇ ನುಗ್ಗಿ.