ಗೇಟಿನ ಈಚೆಗೂ ಮಕ್ಕಳಿದ್ದಾರೆ ಕಣಯ್ಯ

ಮೈಸೂರಿನಲ್ಲಿ ಹೆಂಗಸರು, ಮಕ್ಕಳ ಸರ್ಕಾರಿ ಆಸ್ಪತ್ರೆ ಚೆಲುವಾಂಬ ಇರುವಾಗ ಕಾಡಂಚಿನಲ್ಲಿ ದಾನದ ದುಡ್ಡಿನ ಆಸ್ಪತ್ರೆಯಿಂದ ಏನು ಮಹಾ ಆಗುತ್ತದೆ ಅಂತ ಕೇಳಿದ್ದೀಯ. ಜೊತೆಗೆ, 'ನೀವೆಲ್ಲ ಕೇರಳಕ್ಕೇ ಹೋಗ್ತೀರಂತಲ್ಲ' ಅನ್ನೋ ಕೊಂಕು ಬೇರೆ.

ಬೆಂಗಳೂರಿನಲ್ಲಿ ಕೂತು ನಕಾಶೆ ನೋಡಿದರೆ ಕೇರಳ ಗಡಿಯಲ್ಲಿರುವ ನಮ್ಮ ಡಿ.ಬಿ. ಕುಪ್ಪೆಯೂ ಮೈಸೂರು ಜಿಲ್ಲೆ, ಚೆಲುವಾಂಬವೂ ಮೈಸೂರು. ನಡುವೆ ಸುಮಾರು ನೂರು ಕಿಲೋಮೀಟರ್ ದಾರಿ, ಅದರಲ್ಲಿ ಒಂದಷ್ಟು ನಾಗರಹೊಳೆ ಕಾಡು. ಚೆಲುವಾಂಬದಲ್ಲಿ ಚಿಕಿತ್ಸೆಗೆ ಹೆಚ್ಚು ದುಡ್ಡು ಬೇಡ, ಒಪ್ಪಿದೆ. ಆದರೆ ಅಪ್ಪನ ಕೂಲಿ ಹೋಯಿತು, ಅಮ್ಮನ ಕೂಲಿಯೂ ಹೋಯಿತು, ಬಸ್ಸು, ಊಟ, ಮನೆಯಲ್ಲಿ ಬಿಟ್ಟುಬಂದ ಇನ್ನೊಂದು ಕೂಸು. ಮುಂದಿನ ವಾರ ಮತ್ತೆ ತೋರಿಸಿ ಅಂದರೆ ಎಷ್ಟೋ ಜನ ಹೋಗುವುದೇ ಇಲ್ಲ.

ಸರಗೂರಿನಲ್ಲಿ ವಿವೇಕಾನಂದ ಸ್ಮಾರಕ ಆಸ್ಪತ್ರೆ ಇದೆ. 1984ರಲ್ಲಿ ಮೈಸೂರು ಮೆಡಿಕಲ್ ಕಾಲೇಜಿನ ಹುಡುಗರು ಕಟ್ಟಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ನಡೆಸುವ ಆಸ್ಪತ್ರೆ. ಮಕ್ಕಳಿಗೇ ಅಂತ ಮಾಡಿದ್ದಲ್ಲ, ಎಲ್ಲರೂ ಹೋಗುತ್ತಾರೆ. ಲಾಭಕ್ಕಲ್ಲದ ಆಸ್ಪತ್ರೆ ಅಂದರೆ ಪೂರ್ತಿ ಪುಕ್ಕಟೆ ಅಂದುಕೊಳ್ಳಬೇಡ. ಬಿಲ್ಲು ಇರುತ್ತದೆ, ದಾನಿಗಳೂ ಇರುತ್ತಾರೆ. ಖರ್ಚು ಕಳೆದು ಮಿಕ್ಕಿದ್ದು ಯಾರ ಜೇಬಿಗೂ ಹೋಗುವಂತಿಲ್ಲ, ಅಷ್ಟೇ.

ಹತ್ತಿರದಲ್ಲಿ ಇಂಥದ್ದೊಂದು ಯಾಕೆ ಬೇಕು ಅನ್ನುವುದಕ್ಕೆ ಸಿಕಲ್ ಸೆಲ್ ಅನ್ನೋ ರಕ್ತದ ಕಾಯಿಲೆಯೊಂದೇ ಸಾಕು. ಕೆಂಪು ರಕ್ತಕಣ ಕುಡುಗೋಲಿನ ಹಾಗೆ ಬಾಗಿ ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ನಮ್ಮ ಕಡೆ ಜೇನುಕುರುಬರು, ಕಾಡುಕುರುಬರ ಹಾಡಿಗಳಲ್ಲಿ, ಅಂದರೆ ಆದಿವಾಸಿ ಕೇರಿಗಳಲ್ಲಿ, ಇದು ಇದೆ. ಎಳೆಮಗುವಿನ ಬೆರಳು ಊದಿಕೊಳ್ಳುತ್ತದೆ. ದೊಡ್ಡದಾದ ಮೇಲೆ ಕಾಲುನೋವು ಅಂತ ರಾತ್ರಿಯಿಡೀ ಅಳುತ್ತದೆ. ಆಡಿ ಸುಸ್ತಾಗಿರಬೇಕು ಅಂತ ಮನೆಯವರು ಎಣ್ಣೆ ತಿಕ್ಕಿ ಮಲಗಿಸುತ್ತಾರೆ. ಅಪ್ಪ ಅಮ್ಮ ಇಬ್ಬರೂ ವಾಹಕರಾದರೆ, ಅಂದರೆ ತಮಗೆ ಕಾಯಿಲೆ ಇಲ್ಲದಿದ್ದರೂ ಅದರ ಜೀನ್ ಹೊತ್ತವರಾದರೆ, ಹುಟ್ಟುವ ಪ್ರತಿ ಮಗುವಿಗೂ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ರಕ್ತ ಪರೀಕ್ಷೆ ಮಾಡಿದರೆ ಗೊತ್ತಾಗುತ್ತದೆ. ಹೈಡ್ರಾಕ್ಸಿಯೂರಿಯಾ ಮಾತ್ರೆ ಕೊಟ್ಟರೆ ನೋವು ಬರುವುದು ಕಮ್ಮಿಯಾಗುತ್ತದೆ, ಆದರೆ ಆಗಾಗ ರಕ್ತ ನೋಡುತ್ತಿರಬೇಕು. ಮಾತ್ರೆ ಬಿಟ್ಟ ಮಗುವಿನ ಮನೆಗೆ ಯಾರಾದರೂ ನಡೆದು ಹೋಗಿ, 'ಯಾಕವ್ವ ಬರಲಿಲ್ಲ' ಅಂತ ಕೇಳಬೇಕು. ನೂರು ಕಿಲೋಮೀಟರ್ ದೂರದ ಡಾಕ್ಟರು ಎಷ್ಟೇ ಒಳ್ಳೆಯವರಾದರೂ ಈ ಕೆಲಸ ಅವರಿಂದ ಆಗುವುದಿಲ್ಲ. ಕೇಂದ್ರ ಸರ್ಕಾರದ ಸಿಕಲ್ ಸೆಲ್ ಅಭಿಯಾನ ಶುರುವಾಗಿದ್ದು 2023ರಲ್ಲಿ. ಕಾಯಿಲೆ ಅಲ್ಲಿಯವರೆಗೆ ಕಾದು ಕೂತಿರಲಿಲ್ಲವಲ್ಲ.

ಇದೆಲ್ಲ ಹಗಲಿನ ಮಾತು. ರಾತ್ರಿಯದ್ದೇ ನಮಗೆ ತಲೆನೋವು.

ಕಾಡಿನ ನಡುವೆ ಕೇರಳಕ್ಕೆ ಹೋಗುವ ಬಾವಲಿ ರಸ್ತೆಯಲ್ಲಿ ಸಂಜೆ ಆರಕ್ಕೆ ಗೇಟು ಬಿತ್ತು ಅಂದರೆ ತೆಗೆಯುವುದು ಬೆಳಗ್ಗೆ ಆರಕ್ಕೆ. ಆನೆ, ಹುಲಿ ಓಡಾಡುವ ಜಾಗ, ಬೇಡ ಅನ್ನುವುದಿಲ್ಲ. ಮಗುವಿಗೆ ಹುಷಾರಿಲ್ಲ ಅಂದರೆ ಬಿಡುತ್ತಾರೆ ಕೂಡ. ಆದರೆ ಗೇಟಿನವರೆಗೆ ಹೋಗಲು ಗಾಡಿ ಬೇಕಲ್ವಾ? 108ಕ್ಕೆ ಫೋನ್ ಮಾಡಿದರೆ ನಮ್ಮ ಮೊಬೈಲು ಕೇರಳದ ಟವರ್ ಹಿಡಿದಿರುತ್ತದೆ, ಆ ಕಡೆಯಿಂದ ಮಲಯಾಳಂ. ಮಗುವಿನ ಎದೆ ಗೊರ ಗೊರ ಅನ್ನುತ್ತಿರುವಾಗ 'ನಾವು ಕರ್ನಾಟಕದವರು, ಆದರೆ ನಿಮ್ಮ ಪಕ್ಕದಲ್ಲೇ ಇದ್ದೇವೆ' ಅಂತ ಅರ್ಧ ಕನ್ನಡ, ಅರ್ಧ ಮಲಯಾಳಂನಲ್ಲಿ ಭೂಗೋಳ ಪಾಠ ಮಾಡಬೇಕು. ಗುರುತಿನವರ ಜೀಪು ಸಿಕ್ಕಿತು ಅಂದುಕೋ. ಸರಗೂರು ಇರುವುದು ಕಾಡಿನ ಆ ಕಡೆ. ನಮಗೆ ಕೇರಳದ ಮಾನಂದವಾಡಿಯೇ ಹತ್ತಿರ. ನೀನಾಗಿದ್ದರೆ ಯಾವ ಕಡೆ ತಿರುಗಿಸುತ್ತಿದ್ದೆ?

ಹೂಂ, ಹೋಗುತ್ತೇವೆ ಕೇರಳಕ್ಕೆ. ಹಗಲಾದರೆ ಕಬಿನಿಯಲ್ಲಿ ದೋಣಿ ಹತ್ತಿ ಆಚೆ ದಡದ ಪೆರಿಕ್ಕಲ್ಲೂರಿಗೂ ಹೋಗುತ್ತೇವೆ, ಸಾಮಾನು ತರುತ್ತೇವೆ, ಅಲ್ಲಿ ನೆಂಟರೂ ಇದ್ದಾರೆ. ಅಲ್ಲಿನ ನರ್ಸುಗಳು ನಮ್ಮ ಮುರುಕು ಮಲಯಾಳಂ ಕೇಳಿ ನಗುತ್ತಾರೆ, ಮಗುವನ್ನು ಮಾತ್ರ ಚೆನ್ನಾಗಿ ನೋಡಿಕೊಳ್ಳುತ್ತಾರೆ. ಅಷ್ಟಕ್ಕೇ ನಾವು ಆ ರಾಜ್ಯದವರಾಗಿಬಿಟ್ಟೆವಾ? ಓಟು ಹಾಕುವುದು ಎಚ್.ಡಿ. ಕೋಟೆ ಕ್ಷೇತ್ರಕ್ಕೆ, ಮಕ್ಕಳು ಓದುವುದು ಕನ್ನಡ ಶಾಲೆಯಲ್ಲಿ. ಸುಮ್ನೆ ಏನೇನೋ ಅನ್ನಬೇಡ.

ಇಲ್ಲಿ ದೊಡ್ಡ ಕಟ್ಟಡ ಕಟ್ಟಿ ಅಂತ ಯಾರೂ ಕೇಳುತ್ತಿಲ್ಲ. ಗೇಟಿನ ಈಚೆ ರಾತ್ರಿ ನಿಲ್ಲುವ ಒಂದು ಆಂಬುಲೆನ್ಸ್, ಕೂಸಿಗೆ ಆಕ್ಸಿಜನ್ ಕೊಡಲು ಗೊತ್ತಿರುವ ಒಬ್ಬ ನರ್ಸ್. ದಾನದ ದುಡ್ಡಿನ ಸಂಸ್ಥೆಯವರು ಕೊಟ್ಟರೂ ಆಯಿತು. ಸರ್ಕಾರ ಕೊಟ್ಟರೆ ಇನ್ನೂ ಒಳ್ಳೆಯದು, ನಾವೂ ತೆರಿಗೆ ಕಟ್ಟುವವರೇ.