ಮಣ್ಣು ಒದ್ದೆ ಇದ್ದರೂ ಮೆಣಸಿನ ಗಿಡ ಬಾಡಿದೆಯಾ?

ಅಕ್ಕ, ಫೋಟೋ ನೋಡಿದೆ. ಕುಂಡದ ಮೆಣಸಿನ ಗಿಡಕ್ಕೆ ಒಂದು ಹಿಡಿ ಯೂರಿಯಾ ಹಾಕಿದ್ದೀರಿ, ಮಾರನೇ ದಿನವೇ ಎಲೆ ಜೋತುಬಿದ್ದಿದೆ, ಎರಡು ಹೊತ್ತು ನೀರು ಕೊಟ್ಟರೂ ಏಳುತ್ತಿಲ್ಲ ಎಂದಿದ್ದೀರಿ. ನಿಮ್ಮ ಪೋಸ್ಟಿನ ಕೆಳಗೆ ಒಬ್ಬರು ‘ಗಿಡಕ್ಕೆ ಶಕ್ತಿ ಸಾಲದು, 19:19:19 ಕೊಡಿ’ (ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಸಮವಾಗಿರುವ ಗೊಬ್ಬರ) ಎಂದು ಬರೆದಿದ್ದಾರೆ. ದಯವಿಟ್ಟು ಅದೊಂದು ಮಾಡಬೇಡಿ. ಗಿಡ ಹಸಿದಿಲ್ಲ, ಬಾಯಾರಿದೆ.

ಮಾವಿನ ಮಿಡಿ ಉಪ್ಪಿಗೆ ಹಾಕುವುದನ್ನು ನೋಡಿದ್ದೀರಲ್ವಾ? ಭರಣಿಯಲ್ಲಿ ಒಂದು ಪದರ ಮಿಡಿ, ಒಂದು ಪದರ ಕಲ್ಲುಪ್ಪು. ಒಂದು ಹನಿ ನೀರು ಹಾಕಿರುವುದಿಲ್ಲ. ಕೆಲವೇ ದಿನಕ್ಕೆ ಮಿಡಿ ಸುಕ್ಕುಗಟ್ಟಿ ನೀರಿನಲ್ಲಿ ತೇಲುತ್ತಿರುತ್ತದೆ. ಆ ನೀರೆಲ್ಲ ಮಿಡಿಯ ಜೀವಕೋಶಗಳಿಂದ ಬಂದದ್ದು. ಕೋಶದ ಪೊರೆ ನೀರನ್ನು ಸಲೀಸಾಗಿ ಬಿಡುತ್ತದೆ, ಉಪ್ಪನ್ನು ಬಿಡುವುದಿಲ್ಲ. ಹಾಗಾಗಿ ಉಪ್ಪು ಜಾಸ್ತಿ ಇರುವ ಕಡೆಗೆ ನೀರು ಹರಿಯುತ್ತದೆ. ನಿಮ್ಮ ಗಿಡದ ಬೇರಿಗೂ ಈಗ ಇದೇ ಗತಿ. ಸುತ್ತ ನೀರಿದೆ, ಆದರೆ ಗೊಬ್ಬರ ಉಪ್ಪಿನ ಹಾಗೆಯೇ ಕರಗಿ ಆ ನೀರು ಕುಡಿಯಲಾಗದಂತಾಗಿದೆ. ಜೊತೆಗೆ ಯೂರಿಯಾ ಮಣ್ಣಿನಲ್ಲಿ ಒಡೆದು ಅಮೋನಿಯಾ ಆಗುತ್ತದೆ, ಅದು ಎಳೆ ಬೇರನ್ನು ಸುಡುತ್ತದೆ.

ಚೆನ್ನಾಗಿರುವ ಗಿಡದಲ್ಲಿ ಇದು ತಿರುವುಮುರುವು. ಮಣ್ಣಿನ ನೀರಿಗಿಂತ ಕೋಶದ ಒಳಗೇ ಲವಣ, ಸಕ್ಕರೆ ಜಾಸ್ತಿ. ಹಾಗಾಗಿ ನೀರು ಒಳಗೆ ಬರುತ್ತದೆ. ಬಲಿತ ಕೋಶದ ಒಳಗೆ ಬಹುಪಾಲು ಜಾಗ ಒಂದು ನೀರಿನ ಚೀಲದ್ದೇ. ಅದು ತುಂಬಿ ಗೋಡೆಯನ್ನು ಒತ್ತುತ್ತದೆ. ಗಾಳಿ ತುಂಬಿದ ಟೈರಿನ ಹಾಗೆ ಎಲೆ ಬಿರುಸಾಗಿ ನಿಲ್ಲುವುದು ಈ ಒತ್ತಡದಿಂದ.

ಲವಣವನ್ನು ಒಳಗೆ ಹೀಗೆ ಕೂಡಿಡುವುದು ಪುಕ್ಕಟೆ ಕೆಲಸವಲ್ಲ. ಬೇರಿನ ಕೋಶದ ಪೊರೆಯಲ್ಲಿ ಸಣ್ಣ ಸಣ್ಣ ಪಂಪುಗಳಿವೆ, ಅವು ಹಗಲೂ ರಾತ್ರಿ ನಡೆಯಬೇಕು. ಅದಕ್ಕೆ ಬೇಕಾದ ಶಕ್ತಿ ಸಕ್ಕರೆಯಿಂದ ಬರುತ್ತದೆ, ಸಕ್ಕರೆ ಪೂರ್ತಿ ಉರಿಯಲು ಆಮ್ಲಜನಕ ಬೇಕು. ಬೇರಿಗೂ ಉಸಿರಾಟ ಇದೆ ಎಂಬುದನ್ನು ನಾವು ಮರೆಯುತ್ತೇವೆ. ನೀರು ಬಸಿಯದೆ ನಿಂತರೆ ಗಾಳಿ ಸಿಗದೆ ಆ ಪಂಪುಗಳೂ ಸೋಲುತ್ತವೆ. ಸುಮ್ನೆ ದಿನಾ ಎರಡು ಹೊತ್ತು ಸ್ವಲ್ಪ ಸ್ವಲ್ಪ ನೀರು ಕೊಟ್ಟರೆ ಗೊಬ್ಬರವೂ ಅಲ್ಲೇ ಉಳಿಯುತ್ತದೆ, ಬೇರೂ ಉಸಿರುಗಟ್ಟುತ್ತದೆ.

ಈಗಲೇ ಹೀಗೆ ಮಾಡಿ. ಮೇಲೆ ಕಾಣುವ ಯೂರಿಯಾ ಕಾಳುಗಳನ್ನು ಒಂದಿಂಚು ಮಣ್ಣಿನ ಸಮೇತ ಕೆರೆದು ತೆಗೆಯಿರಿ. ತಳದ ತೂತು ಕಟ್ಟಿದೆಯಾ ಎಂದು ಕಡ್ಡಿ ಹಾಕಿ ನೋಡಿ, ಕೆಳಗಿನ ತಟ್ಟೆ ತೆಗೆದುಬಿಡಿ. ಆಮೇಲೆ ಕುಂಡದ ಅಳತೆಯ ಎರಡು ಮೂರು ಪಟ್ಟು ನೀರನ್ನು ನಿಧಾನಕ್ಕೆ ಸುರಿದು, ಪೂರ್ತಿ ಬಸಿಯಲು ಬಿಡಿ. ಇದು ನೀರುಣಿಸುವುದಲ್ಲ, ಮಣ್ಣು ತೊಳೆಯುವುದು. ಮೇಲ್ಮಣ್ಣು ಒಣಗುವವರೆಗೆ ಮತ್ತೆ ನೀರು ಬೇಡ. ನಾಲ್ಕೈದು ದಿನ ನೆರಳಲ್ಲಿಡಿ, ಎಲೆಯಿಂದ ನೀರು ಹೋಗುವುದು ಕಡಿಮೆಯಾಗುತ್ತದೆ. ಎರಡು ಮೂರು ವಾರ ಯಾವ ಗೊಬ್ಬರವೂ ಬೇಡ, ಜೀವಾಮೃತವೂ ಬೇಡ.

ನನ್ನ ಮೊದಲ ವರ್ಷದ ಟೊಮೇಟೊಗೆ ನಾನೂ ಹೀಗೇ ಮಾಡಿದ್ದೆ. ತೊಳೆಯಲು ಮೂರು ದಿನ ತಡಮಾಡಿದೆ. ಕಿತ್ತು ನೋಡಿದರೆ ಬೇರಿನ ತುದಿ ಕಂದಾಗಿ, ಬೆರಳಲ್ಲಿ ಹಿಡಿದರೆ ಸಿಪ್ಪೆ ಜಾರಿಬರುತ್ತಿತ್ತು. ಈಗಲೂ ಬೇಸರವಾಗುತ್ತದೆ. ಮುಂದೆ ಯೂರಿಯಾ ಕೊಡಲೇಬೇಕೆಂದರೆ ಲೀಟರ್ ನೀರಿಗೆ 1 ಗ್ರಾಂ ಸಾಕು. ಯೂರಿಯಾದ ತೂಕದಲ್ಲಿ 46% ಸಾರಜನಕವೇ ಇದೆ.

ನಾಳೆ ಬೆಳಿಗ್ಗೆ ಬಿಸಿಲೇರುವ ಮೊದಲು ಎಲೆ ನೋಡಿ. ಸ್ವಲ್ಪ ಎದ್ದಿದ್ದರೆ ಬೇರು ಬದುಕಿದೆ. ಏಳದಿದ್ದರೆ ಕಾಂಡವನ್ನು ಉಗುರಲ್ಲಿ ಗೀರಿ. ಒಳಗೆ ಹಸಿರಿದ್ದರೆ ಕಿತ್ತುಹಾಕಬೇಡಿ, ಇದ್ದ ಎಲೆ ಉದುರಿದರೂ ಗೆಣ್ಣಿನಲ್ಲಿ ಮತ್ತೆ ಚಿಗುರಬಹುದು.